ಎಲೆಗಿಂತ ಚೀಟಿ ಮುಖ್ಯ: ಹಳೆಯ ಹರ್ಬೇರಿಯಂ ಒಂದನ್ನು ಮತ್ತೆ ಬಳಕೆಗೆ ತರುವುದು

ವಿಶ್ವವಿದ್ಯಾಲಯಗಳ ಮತ್ತು ಹಳೆಯ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗದಲ್ಲಿ ಅನೇಕ ವೇಳೆ ಯಾರೂ ತೆರೆಯದ ಒಂದು ಬೀರು ಇರುತ್ತದೆ. ತೆರೆದರೆ ನುಸಿಗುಳಿಗೆಯ ವಾಸನೆ, ಹುರಿ ಬಿಗಿದ ಕಟ್ಟುಗಳು, ತಳದಲ್ಲಿ ಉದುರಿದ ಎಲೆಚೂರು. ದಾಸ್ತಾನು ಪರಿಶೀಲನೆಯ ದಿನ ಅದು ‘ನಿರುಪಯುಕ್ತ ವಸ್ತು’ಗಳ ಪಟ್ಟಿಗೆ ಸೇರಿಬಿಡುವ ಅಪಾಯವಿದೆ. ಹಾಗೆ ಸೇರುವ ಮೊದಲು ಅಲ್ಲಿ ಏನಿದೆ ಎಂಬುದನ್ನು ನಾವು, ವಿಶೇಷವಾಗಿ ಜೀವವಿಜ್ಞಾನ ಬೋಧನೆಯ ಪ್ರಶಿಕ್ಷಣಾರ್ಥಿಗಳು, ತಿಳಿದಿರಬೇಕು.

ಕಳೆದರೆ ಏನು ಕಳೆಯುತ್ತದೆ?

ಹರ್ಬೇರಿಯಂ ಹಾಳೆಯೆಂದರೆ ಒಂದು ಗಿಡ, ಒಂದು ಸ್ಥಳದಲ್ಲಿ, ಒಂದು ದಿನ ಇತ್ತು ಎಂಬುದಕ್ಕೆ ಸಾಕ್ಷಿ. ಸೆಸಿಲ್ ಸಲ್ಡಾನಾ ಮತ್ತು ಡ್ಯಾನ್ ನಿಕಲ್ಸನ್ ಅವರು ಹಾಸನ ಜಿಲ್ಲೆಯ ಸಸ್ಯಗಳನ್ನು ಕುರಿತ ಗ್ರಂಥವನ್ನು 1976ರಲ್ಲಿ ಪ್ರಕಟಿಸಿದರು. ಅಂಥ ಗ್ರಂಥಕ್ಕೆ ಆಧಾರ ಒಣಗಿಸಿಟ್ಟ ಹಾಳೆಗಳೇ. ಹೆಸರಿನ ಬಗ್ಗೆ ಸಂಶಯ ಬಂದವರು ಹಾಳೆಯನ್ನೇ ತೆರೆದು ನೋಡಬಹುದು. ಅದೇ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಮುಳುಗಿದ ನೆಲದಲ್ಲಿ ಏನು ಬೆಳೆಯುತ್ತಿತ್ತೆಂದು ಈಗ ಹೋಗಿ ನೋಡಲು ಸಾಧ್ಯವಿಲ್ಲ. ಆ ನೆಲದಿಂದ ಮೊದಲೇ ಯಾರಾದರೂ ಗಿಡ ತಂದು ಒಣಗಿಸಿಟ್ಟಿದ್ದರೆ ಮಾತ್ರ ಉತ್ತರ ಸಿಕ್ಕೀತು.

ಮೊದಲ ಹೆಜ್ಜೆ: ಸುರಕ್ಷತೆ

ಕೀಟಗಳಿಂದ ಕಾಪಾಡಲು ಹಿಂದೆ ಮಾದರಿಗಳಿಗೆ ಮರ್ಕ್ಯುರಿಕ್ ಕ್ಲೋರೈಡ್ ಲೇಪಿಸುತ್ತಿದ್ದರು. ಇದು ಪಾದರಸದ ಲವಣ, ತೀವ್ರ ವಿಷ. ಕೆಲವು ಹಾಳೆಗಳಲ್ಲಿ ಬೂದು ಅಥವಾ ಕಪ್ಪು ಕಲೆಗಳು ಇದರ ಸುಳಿವು ಕೊಡುತ್ತವೆ. ಕಲೆ ಇಲ್ಲವೆಂದ ಮಾತ್ರಕ್ಕೆ ವಿಷವಿಲ್ಲ ಎಂದಲ್ಲ. ಆದ್ದರಿಂದ ಹಳೆಯ ಹಾಳೆಗಳೆಲ್ಲ ವಿಷಲೇಪಿತವೆಂದೇ ಭಾವಿಸಿ ಕೈಗವಸು, ಮುಖಗವಸು ಹಾಕಿ, ಗಾಳಿಯಾಡುವ ಕೋಣೆಯಲ್ಲಿ ಕೆಲಸ ಮಾಡಬೇಕು. ಅಲ್ಲಿ ತಿಂಡಿ, ಚಹಾ ಬೇಡ. ಶಾಲಾ ಮಕ್ಕಳ ಕೈಗೆ ಈ ಹಾಳೆಗಳನ್ನು ಕೊಡಲೇಬಾರದು.

ಎರಡನೆಯದು: ಇದ್ದ ಕ್ರಮವನ್ನು ಕೆಡಿಸದಿರುವುದು

ಉತ್ಸಾಹದಿಂದ ಕಟ್ಟುಗಳನ್ನೆಲ್ಲ ಬಿಚ್ಚಿ ಹರಡುವುದು ದೊಡ್ಡ ತಪ್ಪು. ಉದುರಿದ ಚೀಟಿ ಯಾವ ಹಾಳೆಯದು ಎಂಬುದಕ್ಕೆ ಅದು ಬಿದ್ದಿದ್ದ ಜಾಗವೇ ಸುಳಿವು. ಆದ್ದರಿಂದ ಪ್ರತಿ ಅರೆಯ, ಪ್ರತಿ ಕಟ್ಟಿನ ಫೋಟೊ ತೆಗೆದು, ಕಟ್ಟಿಗೊಂದು ಸಂಖ್ಯೆ ಕೊಟ್ಟು, ಒಂದೊಂದನ್ನೇ ಬಿಚ್ಚಬೇಕು.

ಹುಳು ಹಿಡಿದ ಕಟ್ಟುಗಳನ್ನು ಬೇರೆ ಇಡಬೇಕು. ಹಾಳೆಗಳನ್ನು ತಿನ್ನುವುದರಲ್ಲಿ ಸಿಗರೇಟು ದುಂಬಿ ಎಂಬ ಪುಟ್ಟ ಕಂದು ಕೀಟ ಮುಖ್ಯವಾದುದು. ಕಟ್ಟನ್ನು ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವವರೆಗೆ ಚೀಲ ಬಿಚ್ಚಬಾರದು. ಬಿಚ್ಚಿದರೆ ಹಾಳೆಯ ಮೇಲೆ ನೀರ ಹನಿ ಕೂರುತ್ತದೆ, ಬೂಷ್ಟು ಹಿಡಿಯುತ್ತದೆ.

ಉದುರಿದ ಹೂ, ಬೀಜಗಳನ್ನು ಕಾಗದದ ಸಣ್ಣ ಲಕೋಟೆಯಲ್ಲಿಟ್ಟು ಅದೇ ಹಾಳೆಗೆ ಅಂಟಿಸಬೇಕು. ಸೆಲ್ಲೋ ಟೇಪ್ ಬೇಡ. ಅದು ಹಳದಿಯಾಗಿ, ಅಂಟು ಬಿಟ್ಟು, ಕಲೆ ಉಳಿಸುತ್ತದೆ.

ಮೂರನೆಯದು: ಚೀಟಿಯನ್ನು ಓದುವುದು

ಗಿಡ ಒಣಗಿದಾಗ ಹೂವಿನ ಬಣ್ಣ ಮಾಸುತ್ತದೆ, ಪರಿಮಳ ಹೋಗುತ್ತದೆ. ಮರದ ಎತ್ತರ ಹಾಳೆಯಲ್ಲಿ ಹಿಡಿಸುವುದಿಲ್ಲ. ಇವೆಲ್ಲ ಚೀಟಿಯಲ್ಲಿ ಮಾತ್ರ ಉಳಿದಿರುತ್ತವೆ. ಚೀಟಿ ಹೋದ ಹಾಳೆ ಬರೀ ಒಣ ಎಲೆ.

ಓದುವಾಗ ವಿವೇಚನೆ ಬೇಕು. 1960ರ ದಶಕದ ಚೀಟಿಯಲ್ಲಿ ‘ಮೈಸೂರು’ ಎಂದಿದ್ದರೆ ಅದು ನಗರವೋ, ಜಿಲ್ಲೆಯೋ, ರಾಜ್ಯವೋ? ನಮ್ಮ ರಾಜ್ಯದ ಹೆಸರು ಕರ್ನಾಟಕವಾದದ್ದು 1973ರಲ್ಲಿ. ಊಹೆಯನ್ನು ಚೀಟಿಯ ಮೇಲೆ ಬರೆಯದೆ, ನೋಂದಣಿ ಪುಸ್ತಕದಲ್ಲಿ ‘ಊಹೆ’ ಎಂದೇ ದಾಖಲಿಸಬೇಕು.

ಹೆಸರುಗಳೂ ಬದಲಾಗುತ್ತವೆ. ಕರಿಜಾಲಿ ಹಿಂದೆ ಅಕೇಶಿಯ ನೈಲೋಟಿಕ, ಈಗ ವ್ಯಾಚೆಲಿಯ ನೈಲೋಟಿಕ. ಹಳೆಯ ಹೆಸರನ್ನು ಹೊಡೆದುಹಾಕದೆ, ಹೊಸ ಹೆಸರು, ಗುರುತಿಸಿದವರು, ದಿನಾಂಕ ಇರುವ ಸಣ್ಣ ಚೀಟಿಯನ್ನು ಪಕ್ಕದಲ್ಲಿ ಅಂಟಿಸುವುದು ರೂಢಿ.

ಕೊನೆಗೆ ಜೋಡಣೆ. ಭಾರತದ ಬಹಳಷ್ಟು ಹರ್ಬೇರಿಯಂಗಳು ಬೆಂಥಮ್ ಮತ್ತು ಹೂಕರ್ ಕ್ರಮದಲ್ಲಿವೆ. ಸಂಗ್ರಹ ಆ ಕ್ರಮದಲ್ಲಿದ್ದರೆ ಅದನ್ನೇ ಮುಂದುವರಿಸಬಹುದು. ಹೊಸ ವರ್ಗೀಕರಣವನ್ನು ಗಣಕದ ಪಟ್ಟಿಯಲ್ಲಿ ಇನ್ನೊಂದು ಅಂಕಣವಾಗಿ ಸೇರಿಸಿದರೆ ಸಾಕು. ಹಾಳೆಗೊಂದು ಸಂಖ್ಯೆ, ಫೋಟೊ, ಚೀಟಿಯಲ್ಲಿ ಇದ್ದದ್ದು ಇದ್ದಂತೆ: ಇಷ್ಟಿದ್ದರೆ ಸಂಗ್ರಹ ಹುಡುಕುವವರ ಕೈಗೆ ಸಿಗುತ್ತದೆ.

ತರಗತಿಗೆ ತರುವ ಬಗೆ

ವರ್ಗೀಕರಣದ ಪಾಠಕ್ಕೆ ಹಾಳೆಯ ಫೋಟೊ ಮುದ್ರಿಸಿ, ಚೀಟಿಯ ಭಾಗ ಮುಚ್ಚಿ, ಗುಂಪಿಗೊಂದು ಕೊಡಿ. ‘ಇದನ್ನು ನೋಡಿ ಏನು ಹೇಳಬಲ್ಲಿರಿ? ಏನು ಹೇಳಲಾರಿರಿ?’ ಎಂದು ಕೇಳಿ. ಎಲೆಗಳ ಜೋಡಣೆ, ನಾಳವಿನ್ಯಾಸ ಮೊದಲ ಪಟ್ಟಿಗೆ ಬರುತ್ತವೆ. ಊರು, ತಿಂಗಳು, ಎತ್ತರ, ಬಣ್ಣ ಎರಡನೆಯದಕ್ಕೆ. ಆಮೇಲೆ ಚೀಟಿ ತೋರಿಸಿ. ಮುಂದಿನ ಅವಧಿಯಲ್ಲಿ ಮಕ್ಕಳೇ ಶಾಲೆಯ ಅಂಗಳದ ತುಂಬೆ ಗಿಡವನ್ನು ವೃತ್ತಪತ್ರಿಕೆಯ ನಡುವೆ ಒತ್ತಿಟ್ಟು, ದಿನವೂ ಕಾಗದ ಬದಲಿಸಿ, ಒಣಗಿಸಿ ಚೀಟಿ ಬರೆಯಲಿ. ಈ ಹೊಸ ಹಾಳೆಗೆ ಯಾವ ವಿಷವೂ ಬೇಡ.

ಮೌಲ್ಯಮಾಪನಕ್ಕೆ ‘ಈ ಗಿಡದ ಹೆಸರೇನು?’ ಎಂಬುದಷ್ಟೇ ಸಾಲದು. ‘ನೀನು ಬರೆದ ಹೆಸರು ತಪ್ಪೆಂದು ಮೂವತ್ತು ವರ್ಷದ ನಂತರ ಒಬ್ಬರು ಹೇಳಿದರೆ, ಪರೀಕ್ಷಿಸಲು ಅವರಿಗೆ ಏನೇನು ಬಿಟ್ಟುಹೋಗಿದ್ದೀಯ?’ ಎಂದು ಕೇಳಬೇಕು. ಆ ಹಳೆಯ ಬೀರುವಿನಲ್ಲಿ ಹಿಂದಿನವರು ನಮಗೆ ಬಿಟ್ಟುಹೋಗಿರುವುದೂ ಅದನ್ನೇ.