ಶಾಲೆಯ ಹೊಸ್ತಿಲಲ್ಲೇ ನಿಂತ ವಾಕ್ ಚಿಕಿತ್ಸೆ

ಉಡುಪಿ ಜಿಲ್ಲೆಯ ಕಟಪಾಡಿಯಿಂದ ಮಣಿಪಾಲಕ್ಕೆ ಸುಮಾರು 15 ಕಿಲೋಮೀಟರ್. ವಾಕ್ ಮತ್ತು ಶ್ರವಣ ಚಿಕಿತ್ಸೆಯಲ್ಲಿ ಪದವಿ, ಸ್ನಾತಕೋತ್ತರ ಪದವಿ ನೀಡುವ ವಿಭಾಗ ಅಲ್ಲಿದೆ. ದಕ್ಷಿಣಕ್ಕೆ ಮಂಗಳೂರಿನಲ್ಲೂ ಇಂಥ ಕಾಲೇಜುಗಳಿವೆ. ದೇಶಕ್ಕೆ ಈ ವೃತ್ತಿಯನ್ನು ಕಲಿಸಿದವರಲ್ಲಿ, 1960ರ ದಶಕದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆಗೆ ಅಗ್ರಸ್ಥಾನವಿದೆ. ತಜ್ಞರನ್ನು ತಯಾರು ಮಾಡುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಆದರೂ ಹೆದ್ದಾರಿ ಬದಿಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಎರಡನೇ ತರಗತಿಯ ಮಗು ‘ಕಾಗೆ’ಯನ್ನು ‘ತಾದೆ’ ಎಂದರೆ ಅದರ ಎದುರು ಕುಳಿತು ಆ ನಾಲಿಗೆಯನ್ನು ತಿದ್ದುವವರು ಶಾಲೆಯಲ್ಲಿಲ್ಲ. ಸಾಮಾನ್ಯ ಸರ್ಕಾರಿ ಪ್ರಾಥಮಿಕ ಶಾಲೆಯ ಮಂಜೂರಾದ ಹುದ್ದೆಗಳಲ್ಲಿ ವಾಕ್ ಚಿಕಿತ್ಸಕ ಎಂಬ ಹೆಸರೇ ಇಲ್ಲ. ಕೈಯಳತೆಯಲ್ಲಿರುವ ವಿದ್ಯೆ ಮಗುವಿಗೆ ಏಕೆ ದಕ್ಕುತ್ತಿಲ್ಲ ಎಂಬುದು ಉಡುಪಿ, ಕಾಪು, ಕಾರ್ಕಳಗಳ ಮಟ್ಟಿಗೆ ಹಳೆಯ ಪ್ರಶ್ನೆ. ಅದರ ಬೇರುಗಳು ಮನೆಯಲ್ಲೂ ಇವೆ, ಕಾನೂನಿನಲ್ಲೂ ಇವೆ.

ಬಜೆ ತೇಯ್ದ ನಾಲಿಗೆ

ಮಾತು ತಡವಾದ ಮಗುವಿನ ನಾಲಿಗೆಗೆ ಬಜೆ ತೇಯ್ದು ಸವರುವುದು, ದೈವಕ್ಕೋ ದೇವರಿಗೋ ಹರಕೆ ಹೊರುವುದು ಕರಾವಳಿಯ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ‘ಅವನ ಅಪ್ಪನಿಗೂ ಮಾತು ಬಂದದ್ದು ತಡವಾಗಿಯೇ’ ಎಂಬ ಅಜ್ಜಿಯ ಸಮಾಧಾನವೂ ಅಲ್ಲಿರುತ್ತದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಎಷ್ಟೋ ಮಕ್ಕಳಿಗೆ ಮಾತು ತಡವಾಗಿಯಾದರೂ ತಾನಾಗಿ ಕೂಡಿಬರುತ್ತದೆ. ರಕಾರ, ಷಕಾರಗಳು ನಾಲಿಗೆಗೆ ಹಿಡಿಯುವುದು ಸಾಮಾನ್ಯವಾಗಿ ಕೊನೆಗೇ. ಆದರೆ ತಾನಾಗಿ ಸರಿಹೋಗುವ ಮಗು ಯಾವುದು, ಕಿವಿ ಕೇಳದೆ ಮಾತು ನಿಂತ ಮಗು ಯಾವುದು ಎಂದು ಹೊರನೋಟಕ್ಕೆ ತಿಳಿಯುವುದಿಲ್ಲ. ಕಾಯುತ್ತ ಕುಳಿತ ಮೂರು ನಾಲ್ಕು ವರ್ಷಗಳೇ ಭಾಷೆ ಬೇರೂರುವ ವರ್ಷಗಳು.

ಶಾಲೆಗೆ ಬಂದ ಮೇಲೆ ತೊಂದರೆ ಬೇರೆ ರೂಪ ತಾಳುತ್ತದೆ. ಪದೇಪದೇ ನೆಗಡಿಯಾಗಿ ಕಿವಿ ಸೋರುವ ಮಗುವಿಗೆ ‘ಗಮನವಿಲ್ಲದವನು’ ಎಂಬ ಹೆಸರು ಅಂಟುತ್ತದೆ. ಉಗ್ಗುವ ಹುಡುಗಿಗೆ ದಿನದ ಅತಿ ಕಷ್ಟದ ಗಳಿಗೆ ಗಣಿತದ ಪಾಠವಲ್ಲ, ಹಾಜರಿ ಕರೆಯುವ ಹೊತ್ತು. ಅಂಥವಳಿಗೆ ಅವಮಾನವಾಗದಿರಲೆಂದು ಒಳ್ಳೆಯ ಮನಸ್ಸಿನ ಶಿಕ್ಷಕಿ ಗಟ್ಟಿಯಾಗಿ ಓದಿಸುವುದನ್ನೇ ಬಿಡುತ್ತಾರೆ. ಮಗು ತಾನು ಪಾರಾದೆನೆಂದು ಭಾವಿಸುತ್ತದೆ. ಆದರೆ ಓದುವ ಅವಕಾಶವೂ ಅದರೊಂದಿಗೇ ಹೋಗುತ್ತದೆ.

ಕಾನೂನಿನ ವ್ಯಾಖ್ಯೆ ಯಾರಿಗಾಗಿ?

1995ರ ಅಂಗವಿಕಲರ ಕಾಯ್ದೆ ಗುರುತಿಸಿದ್ದು ಏಳು ಬಗೆಯ ವೈಕಲ್ಯಗಳನ್ನು. ಮಾತಿನ ತೊಂದರೆ ಅದರಲ್ಲಿರಲಿಲ್ಲ. 2016ರ ಹೊಸ ಕಾಯ್ದೆ ಆ ಸಂಖ್ಯೆಯನ್ನು 21ಕ್ಕೆ ಏರಿಸಿ, ವಾಕ್ ಮತ್ತು ಭಾಷಾ ವೈಕಲ್ಯಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಶಾಲೆಗೆ ಹೋಗುವ ಮಕ್ಕಳ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ನಡೆಸಬೇಕೆಂದೂ ಅದೇ ಕಾಯ್ದೆ ಹೇಳಿತು. ಇದು ದೊಡ್ಡ ಹೆಜ್ಜೆಯೇ. ಆದರೆ ವ್ಯಾಖ್ಯೆಯನ್ನು ಓದಿದವರಿಗೆ ಅಚ್ಚರಿ ಕಾದಿದೆ. ಅದು ಉದಾಹರಣೆಯಾಗಿ ಹೆಸರಿಸುವುದು ಧ್ವನಿಪೆಟ್ಟಿಗೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರ ಸ್ಥಿತಿಯನ್ನು ಮತ್ತು ಮೆದುಳಿಗೆ ಹಾನಿಯಾಗಿ ಭಾಷೆ ಕಳೆದುಕೊಂಡವರ ಸ್ಥಿತಿಯನ್ನು. ವೈಕಲ್ಯ ಶಾಶ್ವತವಾಗಿರಬೇಕು, ಅದರ ಕಾರಣ ಅಂಗದಲ್ಲೋ ನರವ್ಯೂಹದಲ್ಲೋ ಇರಬೇಕು. ಹೆಸರಿಸಿದ ಆ ಎರಡು ಸ್ಥಿತಿಗಳು ಬಹುಮಟ್ಟಿಗೆ ವಯಸ್ಕರ ಸಂಕಟಗಳು. ‘ತಾದೆ’ ಎನ್ನುವ ಮಗುವಾಗಲಿ, ಹಾಜರಿಗೆ ಹೆದರುವ ಹುಡುಗಿಯಾಗಲಿ ಈ ಚೌಕಟ್ಟಿನೊಳಗೆ ಸುಲಭವಾಗಿ ಬರುವುದಿಲ್ಲ. ಹಲವು ಸೌಲಭ್ಯಗಳಿಗೆ ಬೇಕಾದ ಶೇ. 40ರ ಪ್ರಮಾಣಪತ್ರವಂತೂ ಅವರಿಗೆ ದೂರದ ಮಾತು. ಪ್ರಮಾಣಪತ್ರವಿಲ್ಲದ ಮಗು ಅಂಕಿಅಂಶಕ್ಕೆ ಸುಲಭವಾಗಿ ಸೇರುವುದಿಲ್ಲ. ಅಂಕಿಅಂಶದಲ್ಲಿ ಇಲ್ಲದ ಮಗುವಿಗಾಗಿ ಹುದ್ದೆ ಮಂಜೂರಾಗುವುದಿಲ್ಲ. ವಾಕ್ ಚಿಕಿತ್ಸೆಯಿಂದ ಪೂರ್ತಿ ಗುಣವಾಗಬಲ್ಲ ಮಕ್ಕಳೇ ಹೀಗೆ ಲೆಕ್ಕದಿಂದ ಹೊರಗುಳಿಯುತ್ತಾರೆ ಎಂಬುದು ಈ ಇಡೀ ವ್ಯವಸ್ಥೆಯ ದೊಡ್ಡ ಲೋಪ.

ವ್ಯವಸ್ಥೆ ಏನೂ ಮಾಡಿಲ್ಲವೆಂದಲ್ಲ. 2013ರಲ್ಲಿ ಆರಂಭವಾದ ಮಕ್ಕಳ ಆರೋಗ್ಯ ತಪಾಸಣಾ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಭೇಟಿ ಕೊಡಬೇಕು. ಶ್ರವಣದೋಷ, ಭಾಷಾ ವಿಳಂಬಗಳೂ ಅವರ ಪಟ್ಟಿಯಲ್ಲಿವೆ. ಸಮನ್ವಯ ಶಿಕ್ಷಣ ಯೋಜನೆಯಡಿ ವಿಶೇಷ ಶಿಕ್ಷಕರು, ಶಾಲಾ ಸಿದ್ಧತಾ ಕೇಂದ್ರಗಳು ಇವೆ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ, ಮುಂದಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವೂ ನಿಗದಿಯಾಗಿದೆ. ಆದರೆ ತಪಾಸಣೆ ಚಿಕಿತ್ಸೆಯಲ್ಲ, ವಿಶೇಷ ಶಿಕ್ಷಕರು ವಾಕ್ ಚಿಕಿತ್ಸಕರೂ ಅಲ್ಲ. ಅಮೆರಿಕದಲ್ಲಿ 1975ರ ಕಾನೂನು ಅಂಗವಿಕಲ ಮಕ್ಕಳ ಶಿಕ್ಷಣವನ್ನು ಸಾರ್ವಜನಿಕ ಶಾಲೆಗಳ ಹೊಣೆಯಾಗಿಸಿದ ಮೇಲೆ ವಾಕ್ ಚಿಕಿತ್ಸೆಯೂ ಶಾಲೆಯ ಕಡ್ಡಾಯ ಕೆಲಸವಾಯಿತು. ಅಲ್ಲಿನ ಚಿಕಿತ್ಸಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಶಾಲೆಗಳಲ್ಲೇ ದುಡಿಯುತ್ತಾರೆ. ನಮ್ಮಲ್ಲಿ ಈ ವೃತ್ತಿ ಇಂದಿಗೂ ಆಸ್ಪತ್ರೆಯ ಮತ್ತು ಖಾಸಗಿ ಕ್ಲಿನಿಕ್ಕಿನ ವೃತ್ತಿ.

‘ಪಿಲಿ’ ಎಂದರೆ ತಪ್ಪಲ್ಲ

ತುಳುನಾಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಚಿಕಿತ್ಸಕರು ಮಗುವಿನ ಮುಂದೆ ಚಿತ್ರದ ಕಾರ್ಡುಗಳನ್ನಿಟ್ಟು ಹೆಸರು ಹೇಳಿಸುತ್ತಾರೆ. ಕೋಳಿಯ ಚಿತ್ರ ಕಂಡ ಕಟಪಾಡಿಯ ಮಗು ‘ಕೋರಿ’ ಎನ್ನುತ್ತದೆ, ಹುಲಿಯನ್ನು ಕಂಡು ‘ಪಿಲಿ’ ಎನ್ನುತ್ತದೆ. ತುಳು ತಿಳಿಯದವರು ಇದನ್ನು ಳಕಾರಕ್ಕೆ ರಕಾರ, ಹಕಾರಕ್ಕೆ ಪಕಾರ ಬಂದ ದೋಷವೆಂದು ಗುರುತು ಹಾಕಿಕೊಳ್ಳಬಹುದು. ಮಗು ನುಡಿದದ್ದು ತನ್ನ ತಾಯಿನುಡಿಯ ಶುದ್ಧ ಪದಗಳನ್ನು. ತುಳುವಿನೊಳಗೇ ಮಗುವನ್ನು ಒಂದು ಮನೆಯವರು ‘ಬಾಲೆ’ ಎಂದರೆ ಇನ್ನೊಂದು ಮನೆಯವರು ‘ಬಾಳೆ’ ಎನ್ನುತ್ತಾರೆ. ಎರಡೂ ಸರಿ. ಇದೇ ತರಗತಿಯಲ್ಲಿ ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳಿದ್ದಾರೆ. ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಮಕ್ಕಳೂ ಇದ್ದಾರೆ.

ಕನ್ನಡದ ಉಚ್ಚಾರಣಾ ಪರೀಕ್ಷೆ 1970ರ ದಶಕದಲ್ಲೇ ಮೈಸೂರಿನಲ್ಲಿ ರೂಪುಗೊಂಡಿತು. 2011ರ ಜನಗಣತಿಯಂತೆ 18 ಲಕ್ಷಕ್ಕೂ ಹೆಚ್ಚು ಜನರ ತಾಯಿನುಡಿಯಾದ ತುಳುವಿಗೆ ಅಂಥ ಸಾಧನಗಳು ಕನ್ನಡಕ್ಕಿರುವಷ್ಟು ಒದಗಿಲ್ಲ. ಇದರಿಂದ ಎರಡು ಬಗೆಯ ತಪ್ಪು ಸಾಧ್ಯ. ದೋಷವಿಲ್ಲದ ಮಗುವಿಗೆ ದೋಷದ ಹಣೆಪಟ್ಟಿ ಅಂಟಬಹುದು. ನಿಜವಾಗಿ ತೊಂದರೆಯಿರುವ ಮಗುವನ್ನು ‘ಮನೆಯಲ್ಲಿ ತುಳು, ಅದಕ್ಕೇ ಹೀಗೆ’ ಎಂದು ಬಿಟ್ಟುಬಿಡಬಹುದು. ಎರಡನೆಯದೇ ಹೆಚ್ಚು ಅಪಾಯಕಾರಿ. ತಾಯಿನುಡಿಯಲ್ಲೂ ತಡವರಿಸುವ ಮಗುವಿಗೆ ಮಾತ್ರ ಚಿಕಿತ್ಸೆ ಬೇಕು. ಅದನ್ನು ತಿಳಿಯಲು ಆ ನುಡಿ ಬಲ್ಲವರೇ ಬೇಕು. ಮಕ್ಕಳೊಂದಿಗೆ ತುಳು ಬಿಟ್ಟು ಇಂಗ್ಲಿಷೊಂದನ್ನೇ ಆಡಿ ಎಂಬ ಸಲಹೆ ಪಾಲಕರಿಗೆ ಈಗಲೂ ಸಿಗುತ್ತಿದೆ. ಎರಡು ನುಡಿ ಕೇಳಿ ಬೆಳೆಯುವುದರಿಂದ ಮಾತಿನ ದೋಷ ಹುಟ್ಟುವುದಿಲ್ಲ.

ಮಲ್ಲಿಗೆ ಕಟ್ಟುವ ಹೊತ್ತು

ಆಸ್ಪತ್ರೆ ಹತ್ತಿರದಲ್ಲೇ ಇದೆಯಲ್ಲ, ಅಲ್ಲಿಗೇ ಕರೆದೊಯ್ಯಲಿ ಎಂಬ ವಾದ ಮೇಲ್ನೋಟಕ್ಕೆ ಸರಿ. ಆದರೆ ವಾಕ್ ಚಿಕಿತ್ಸೆ ಒಂದು ಸಲ ಔಷಧಿ ಬರೆಸಿಕೊಂಡು ಬರುವಂಥದ್ದಲ್ಲ. ವಾರಕ್ಕೆ ಒಂದೆರಡು ಬಾರಿ, ತಿಂಗಳುಗಟ್ಟಲೆ ನಡೆಯಬೇಕು. ಕಟಪಾಡಿಯ ಪಕ್ಕದ ಶಂಕರಪುರದ ಸುತ್ತಿನಲ್ಲಿ ಬೆಳಗ್ಗೆ ಮಲ್ಲಿಗೆಯ ಮೊಗ್ಗು ಕೊಯ್ದು, ಕಟ್ಟಿ, ಹೊತ್ತು ಮೀರುವ ಮುನ್ನ ಹೂವಿನ ಕಟ್ಟೆಗೆ ತಲುಪಿಸುವ ತಾಯಿಗೆ ಬೆಳಗಿನ ವೇಳೆಯೇ ಸಂಪಾದನೆ. ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು, ಅರ್ಧ ಗಂಟೆಯ ಚಿಕಿತ್ಸೆ, ಮರಳಿ ಎರಡು ಬಸ್ಸು. ಮಗುವಿಗೆ ಒಂದು ದಿನದ ಪಾಠ ಹೋಯಿತು, ತಾಯಿಗೆ ಒಂದು ದಿನದ ಹೂವಿನ ದುಡ್ಡು. ಬೀಡಿ ಕಟ್ಟುವವರ, ಮೀನು ಮಾರುವವರ ಲೆಕ್ಕವೂ ಇದೇ. ಇಂಥ ಕುಟುಂಬ ಚಿಕಿತ್ಸೆಯನ್ನು ನಡುವೆಯೇ ಕೈಬಿಟ್ಟರೆ ಅದನ್ನು ಅಸಡ್ಡೆ ಎನ್ನಲಾಗದು.

ಶಿಕ್ಷಕರಿಂದಲೇ ಆಗದೇ?

ಪ್ರತಿ ಶಾಲೆಗೂ ಒಬ್ಬ ಚಿಕಿತ್ಸಕರನ್ನು ಕೊಡುವುದು ಸಾಧ್ಯವಿಲ್ಲವೆಂಬ ಆಡಳಿತದ ಮಾತನ್ನು ಒಪ್ಪಲೇಬೇಕು. ಮಕ್ಕಳ ಸಂಖ್ಯೆಯೇ ಇಳಿಯುತ್ತಿರುವ ಕರಾವಳಿಯ ಸಣ್ಣ ಶಾಲೆಗಳಲ್ಲಿ ಅದು ಅಗತ್ಯವೂ ಅಲ್ಲ. ಇರುವ ಶಿಕ್ಷಕರಿಗೇ ತರಬೇತಿ ಕೊಟ್ಟರಾಯಿತು ಎಂಬ ಸಲಹೆಯಲ್ಲೂ ಸತ್ಯಾಂಶವಿದೆ: ಮಗುವನ್ನು ದಿನವೂ ಕಾಣುವವರು ಅವರೇ, ಚಿಕಿತ್ಸಕರು ಕಲಿಸಿದ್ದನ್ನು ತರಗತಿಯಲ್ಲಿ ರೂಢಿಸಬಲ್ಲವರೂ ಅವರೇ. ಆದರೆ ಗುರುತಿಸುವ ಕೆಲಸ ಮತ್ತು ಗುಣಪಡಿಸುವ ಕೆಲಸ ಬೇರೆ ಬೇರೆ. ಬಿಸಿಯೂಟದಿಂದ ಗಣತಿಯವರೆಗೆ ಹೊರೆ ಹೊತ್ತ ಶಿಕ್ಷಕರ ಮೇಲೆ ನಾಲ್ಕು ವರ್ಷದ ಪದವಿಯ ಕೆಲಸವನ್ನೂ ಹೇರಿದರೆ ಎರಡೂ ಕೆಡುತ್ತವೆ. ಇತ್ತ ವೃತ್ತಿಪರರ ಮೇಲೂ ಆಕ್ಷೇಪವಿದೆ: ಓದಿದವರು ಮಹಾನಗರಕ್ಕೋ ವಿದೇಶಕ್ಕೋ ಹೋಗುತ್ತಾರೆ, ಹಳ್ಳಿಯ ಶಾಲೆಗೆ ಬರುವುದಿಲ್ಲ. ಹೌದು, ಆದರೆ ಗೌರವಧನದ, ವರ್ಷವರ್ಷವೂ ನವೀಕರಿಸಬೇಕಾದ ಗುತ್ತಿಗೆಯ ಕೆಲಸದಲ್ಲಿ ಯಾರನ್ನು ಉಳಿಸಿಕೊಳ್ಳಲು ಸಾಧ್ಯ?

ಎಲ್ಲ ವಾದಗಳನ್ನು ತೂಗಿ ನೋಡಿದರೆ ನಡುದಾರಿಯೊಂದು ಕಾಣುತ್ತದೆ. ಶಾಲೆಗೊಬ್ಬರಲ್ಲ, ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್ ಗುಂಪಿಗೊಬ್ಬರು ಸಾಕು. ಆದರೆ ಅದು ಕಾಯಂ ಹುದ್ದೆಯಾಗಿರಬೇಕು, ಸ್ಥಳೀಯ ನುಡಿಯ ಜ್ಞಾನ ಅದಕ್ಕೆ ಅರ್ಹತೆಯಾಗಬೇಕು, ಸೇವೆ ಪಡೆಯಲು ವೈಕಲ್ಯದ ಪ್ರಮಾಣಪತ್ರ ಕೇಳಬಾರದು. ಮಣಿಪಾಲ, ಮಂಗಳೂರಿನ ಅಂತಿಮ ವರ್ಷದ ವಿದ್ಯಾರ್ಥಿಗಳ ತರಬೇತಿಯ ಒಂದು ಭಾಗವನ್ನು ಸರ್ಕಾರಿ ಶಾಲೆಗಳಲ್ಲಿ ನಡೆಸುವುದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ. ಮುಂದಿನ ವರ್ಷ ಶಾಲೆ ತೆರೆದಾಗ ಶಾಲಾಭಿವೃದ್ಧಿ ಸಮಿತಿಗಳ ಮೊದಲ ಸಭೆಯಲ್ಲೇ ಪಾಲಕರು ಈ ಬೇಡಿಕೆಯನ್ನು ಬರಹದಲ್ಲಿ ಮುಂದಿಡಲಿ. ಜೊತೆಗೆ ಒಂದನೇ ತರಗತಿಗೆ ಸೇರಿದ ಪ್ರತಿ ಮಗುವಿನ ಕಿವಿಯನ್ನು ಆ ಮಳೆಗಾಲ ಮುಗಿಯುವುದರೊಳಗೆ ಪರೀಕ್ಷಿಸಬೇಕೆಂದು ಕೇಳಲಿ.