ಅತಿಥಿಯಿಂದ ಆತಿಥೇಯನಿಗೆ ಆಪತ್ತು!

ವಿಂಡೋಸ್ ಕಂಪ್ಯೂಟರಿನಲ್ಲೇ ಲಿನಕ್ಸ್ ಕಲಿಯಲು ನೀವು ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶ ಬಳಸಿರಬಹುದು. ಅದು ಕಂಪ್ಯೂಟರಿನೊಳಗೆ ಇನ್ನೊಂದು ಕಾಲ್ಪನಿಕ ಕಂಪ್ಯೂಟರನ್ನು ನಿರ್ಮಿಸುತ್ತದೆ. ಹೊರಗಿನದು ಆತಿಥೇಯ, ಒಳಗಿನದು ಅತಿಥಿ. ಒಮ್ಮೊಮ್ಮೆ ಪರದೆ ನೀಲಿಯೋ ಕಪ್ಪೋ ಆಗಿ ಆತಿಥೇಯವೇ ನಿಂತುಬಿಡುತ್ತದೆ. ಏಕೆ?

ಸಾಮಾನ್ಯ ತಂತ್ರಾಂಶ ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಆದರೆ ಈ ತಂತ್ರಾಂಶ ತನ್ನ ಡ್ರೈವರನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಕೂರಿಸುತ್ತದೆ. ಅಲ್ಲಿ ದೋಷ ಕಂಡರೆ, ಮಾಹಿತಿ ಇನ್ನಷ್ಟು ಕೆಡದಿರಲೆಂದು ವಿಂಡೋಸ್ ತಾನೇ ಕೆಲಸ ನಿಲ್ಲಿಸುತ್ತದೆ.

ಪರಿಹಾರವೇನು? ಮೊದಲು ನಿಮ್ಮ ಪ್ರಾಜೆಕ್ಟ್ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ. ಪರದೆಯ ಮೇಲಿನ ಸ್ಟಾಪ್ ಕೋಡ್ ಬರೆದುಕೊಳ್ಳಿ. ಕೆಲವೊಮ್ಮೆ ಕೆಟ್ಟ ಡ್ರೈವರಿನ ಹೆಸರೂ ಅಲ್ಲಿರುತ್ತದೆ. ತಂತ್ರಾಂಶದ ಹೊಸ ಆವೃತ್ತಿ ಹಾಕಿ. ವಿಂಡೋಸ್‌ನದೇ ಆದ ಹೈಪರ್-ವಿ ಚಾಲೂ ಇದೆಯೇ ನೋಡಿ. ಪ್ರೊಸೆಸರಿನ ಒಂದೇ ಸೌಲಭ್ಯಕ್ಕೆ ಇಬ್ಬರು ಕೈಹಾಕಿದರೆ ತಿಕ್ಕಾಟ ಸಹಜ. 8 ಜಿಬಿ ಮೆಮೊರಿಯಲ್ಲಿ ಅತಿಥಿಗೆ 6 ಕೊಟ್ಟಿದ್ದರೆ 4ಕ್ಕೆ ಇಳಿಸಿ. ಆಗಲೂ ನಿಲ್ಲದಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್‌ನಿಂದ ಮೆಮೊರಿಯನ್ನೇ ಪರೀಕ್ಷಿಸಿ, ಅತಿಥಿ ನಿರಪರಾಧಿಯಾಗಿರಬಹುದು.

ನೆನಪಿಡಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದೀತು, ಕಾರಣ ಮಾತ್ರ ತಿಳಿಯದು.