ಹದಿನಾರು ಕಣ್ಣುಗಳ ಹೊರೆ

ಕಟ್ಟಡವೊಂದರ ಕಾವಲಿಗೆಂದು 16 ಕ್ಯಾಮೆರಾಗಳನ್ನು ಜಾಲದ ಮೂಲಕ ಒಂದೇ ಸರ್ವರಿಗೆ ಜೋಡಿಸಿರುವೆವೆಂದು ಭಾವಿಸೋಣ. ಒಂದೊಂದು ಚಿತ್ರದಲ್ಲಿಯೂ 1920×1080, ಎಂದರೆ ಸುಮಾರು 20.7 ಲಕ್ಷ ಬಿಂದುಗಳು. ಸೆಕೆಂಡಿಗೆ 25 ಚಿತ್ರಗಳಂತೆ ಎಲ್ಲ ಕ್ಯಾಮೆರಾಗಳಿಂದ ಬರುವ ಬಿಂದುಗಳು ಸುಮಾರು 83 ಕೋಟಿ! ಚಿತ್ರಗಳು ಅಡಕಗೊಂಡು ಬರುವುವು. ಚಲನೆಯನ್ನು ಗುರುತಿಸಲು ಸರ್ವರಿನ ಪ್ರೊಸೆಸರ್ ಅವನ್ನು ಬಿಡಿಸಿ, ಹಿಂದಿನ ಚಿತ್ರದೊಡನೆ ಹೋಲಿಸಬೇಕು. ಹೊರೆ ಮಿತಿಮೀರಿದಾಗ ಕೆಲವು ಚಿತ್ರಗಳು ಬಿಟ್ಟುಹೋಗುವುವು; ಕಳ್ಳನು ಬಾಗಿಲು ದಾಟಿದ ಕ್ಷಣವೇ ಅವುಗಳಲ್ಲಿದ್ದೀತು.

ಹಾಗಾದರೆ ಪ್ರೊಸೆಸರಿನ ವೇಗವನ್ನೇ ಹೆಚ್ಚಿಸಬಾರದೇಕೆ? ವೇಗವನ್ನು ಏರಿಸಲು ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುವುದು. ವ್ಯಯವಾಗುವ ವಿದ್ಯುಚ್ಛಕ್ತಿಯಾದರೋ ವೋಲ್ಟೇಜಿನ ವರ್ಗಕ್ಕನುಗುಣವಾಗಿ ಹೆಚ್ಚುವುದು. ಕಾವು ಅತಿಯಾದರೆ ಪ್ರೊಸೆಸರ್ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುವುದು.

ಸುಲಭವಾದ ಉಪಾಯವೊಂದುಂಟು. ಅನೇಕ ಕ್ಯಾಮೆರಾಗಳು ಅದೇ ದೃಶ್ಯದ ಚಿಕ್ಕ ಪ್ರತಿಯೊಂದನ್ನೂ ಬೇರೆಯಾಗಿ ಕಳುಹಿಸಬಲ್ಲವು. ಅದನ್ನು 640×360 ಬಿಂದುಗಳಿಗೂ ಸೆಕೆಂಡಿಗೆ 5 ಚಿತ್ರಗಳಿಗೂ ಹೊಂದಿಸಿ, ಚಲನೆಯನ್ನು ಅದರಲ್ಲಿಯೇ ಹುಡುಕೋಣ. ಬಿಂದುಗಳು 9ರಲ್ಲೊಂದು ಪಾಲು, ಚಿತ್ರಗಳು 5ರಲ್ಲೊಂದು ಪಾಲು. ಬಿಡಿಸಬೇಕಾದ ಬಿಂದುಗಳು 45ರಲ್ಲೊಂದು ಪಾಲಾಗಿ, ಸುಮಾರು 1.84 ಕೋಟಿಗೆ ಇಳಿಯುವುವು. ದೊಡ್ಡ ಚಿತ್ರಗಳನ್ನು ಬಿಡಿಸದೆಯೇ ಸಂಗ್ರಹಿಸಿಟ್ಟರಾಯಿತು. ಹೊಸ ಪ್ರೊಸೆಸರನ್ನು ಕೊಳ್ಳುವ ಮುನ್ನ ಹಳೆಯದರ ಹೊರೆಯನ್ನು ಲೆಕ್ಕಹಾಕುವುದು ಲೇಸಲ್ಲವೆ?